‘ತಕ್ಕದ್ದು’ ಮತ್ತು ‘ಬಹುದು’ಗಳ ನಡುವೆ ಒಂದು ಕಾದಂಬರಿ

ವಿಮರ್ಶಕರು ಮೂಗು ಮುರಿದರೂ ಓದುಗರು ಕೈಬಿಡದ ಕೃತಿಗಳು ಎಲ್ಲ ಭಾಷೆಗಳಲ್ಲೂ ಇವೆ. ಅಮೆರಿಕದ ಸಾಹಿತ್ಯದಲ್ಲಿ ಅಂಥವನ್ನು ಪಟ್ಟಿ ಮಾಡಲು ಹೊರಟರೆ ಜಾನ್ ಸ್ಟೈನ್‌ಬೆಕ್ ಅವರ ‘ಈಸ್ಟ್ ಆಫ್ ಈಡನ್’ ಮೊದಲ ಸಾಲಿನಲ್ಲಿಯೇ ನಿಲ್ಲುತ್ತದೆ. 1952ರ ಸೆಪ್ಟೆಂಬರಿನಲ್ಲಿ ಈ ಕಾದಂಬರಿ ಪ್ರಕಟವಾದಾಗ ವಿದ್ವಾಂಸರ ಮೆಚ್ಚುಗೆ ಅರೆಮನಸ್ಸಿನದಾಗಿತ್ತು. ಬಂಧ ಸಡಿಲ, ಉಪದೇಶ ಅತಿ, ಖಳನಾಯಕಿ ನಂಬಲಸಾಧ್ಯ ಎಂಬ ಆಕ್ಷೇಪಗಳು ಆಗಲೇ ಕೇಳಿಬಂದವು. ಓದುಗರು ಅದಾವುದನ್ನೂ ಲೆಕ್ಕಿಸಲಿಲ್ಲ. ಕೆಲವೇ ವಾರಗಳಲ್ಲಿ ಅದು ಅತಿ ಹೆಚ್ಚು ಮಾರಾಟವಾಗುವ ಪುಸ್ತಕಗಳ ಸಾಲಿಗೆ ಸೇರಿತು. ಅರ್ಧ ಶತಮಾನದ ನಂತರ, 2003ರ ಜೂನ್ ತಿಂಗಳಲ್ಲಿ, ಓಪ್ರಾ ವಿನ್‌ಫ್ರೀ ತಮ್ಮ ದೂರದರ್ಶನ ಕಾರ್ಯಕ್ರಮದ ಪುಸ್ತಕ ಕೂಟಕ್ಕೆ ಇದನ್ನು ಆರಿಸಿಕೊಂಡಾಗ ಕಾಗದದ ಹೊದಿಕೆಯ ಪುಸ್ತಕಗಳ ಪಟ್ಟಿಯಲ್ಲಿ ಮತ್ತೆ ಅಗ್ರಸ್ಥಾನಕ್ಕೇರಿತು. ಲೇಖಕರು ತೀರಿಕೊಂಡು ಆಗಲೇ ಮೂವತ್ತನಾಲ್ಕು ವರ್ಷಗಳಾಗಿದ್ದವು. ಪ್ರಚಾರವೊಂದರಿಂದಲೇ ಇಷ್ಟು ದಪ್ಪನೆಯ, ಸುಮಾರು ಎರಡೂವರೆ ಲಕ್ಷ ಪದಗಳ ಪುಸ್ತಕವನ್ನು ಜನರಿಂದ ಕೊಳ್ಳಿಸಬಹುದೇನೋ. ಓದಿಸುವುದು, ಓದಿದವರು ಇನ್ನೊಬ್ಬರ ಕೈಗೆ ದಾಟಿಸುವಂತೆ ಮಾಡುವುದು ಸಾಧ್ಯವಿಲ್ಲ.

ನಮ್ಮ ಬಡಾವಣೆಯಲ್ಲಿ ನಿವೃತ್ತರ ಒಂದು ಓದುಗರ ಕೂಟವಿದೆ. ಅಧ್ಯಾಪಕರು, ಬ್ಯಾಂಕಿನವರು, ಎಂಜಿನಿಯರುಗಳು, ನನ್ನಂತೆ ಸರಕಾರಿ ಕಡತಗಳ ನಡುವೆ ಕೂದಲು ನರೆಸಿಕೊಂಡವರು, ಒಟ್ಟು ಎಂಟು ಜನ. ಕಳೆದ ಮಳೆಗಾಲದಲ್ಲಿ ಆರು ವಾರ ನಾವು ಈ ಕಾದಂಬರಿಯೊಡನೆ ಕಳೆದೆವು. ಸಾಮಾನ್ಯವಾಗಿ ನಮ್ಮ ಚರ್ಚೆ ಲೇಖಕನ ಗುಣದೋಷಗಳ ಸುತ್ತ ನಡೆದು ಕಾಫಿಯೊಡನೆ ಮುಗಿಯುತ್ತದೆ. ಈ ಬಾರಿ ಹಾಗಾಗಲಿಲ್ಲ. ಪ್ರತಿಯೊಬ್ಬರೂ ತಮ್ಮ ತಂದೆಯನ್ನು ಕುರಿತು, ಒಡಹುಟ್ಟಿದವರನ್ನು ಕುರಿತು, ಮಕ್ಕಳನ್ನು ಕುರಿತು ಮಾತನಾಡತೊಡಗಿದರು. ಒಂದು ಕೃತಿ ಓದುಗರನ್ನು ಹೀಗೆ ತಮ್ಮತ್ತ ತಿರುಗಿಸುವುದಾದರೆ ಅದರ ಕಾರಣವನ್ನು ಹುಡುಕುವುದು ಅವಶ್ಯ ಎನಿಸಿತು. ಈ ಲೇಖನ ಅಂಥದೊಂದು ಪ್ರಯತ್ನ.

ಸ್ಟೈನ್‌ಬೆಕ್ ಹುಟ್ಟಿದ್ದು 1902ರಲ್ಲಿ, ಕ್ಯಾಲಿಫೋರ್ನಿಯಾದ ಸಲೀನಾಸ್ ಎಂಬ ಊರಿನಲ್ಲಿ. ಪೂರ್ವಕ್ಕೆ ಗ್ಯಾಬಿಲಾನ್ ಬೆಟ್ಟಗಳು, ಪಶ್ಚಿಮಕ್ಕೆ ಸಾಂತಾ ಲೂಸಿಯಾ ಪರ್ವತಗಳು, ನಡುವೆ ಬೇಸಗೆಯಲ್ಲಿ ಮರಳಿನಡಿ ಅಡಗಿಬಿಡುವ ಸಲೀನಾಸ್ ನದಿ. ಮಳೆ ಬಂದ ವರ್ಷಗಳಲ್ಲಿ ಬರವನ್ನೂ, ಬರ ಬಂದ ವರ್ಷಗಳಲ್ಲಿ ಮಳೆಯನ್ನೂ ಮರೆತುಬಿಡುವ ಜನ. ಇದೇ ಕಣಿವೆ ಕಾದಂಬರಿಯ ಭೂಮಿಕೆ. 1939ರ ‘ದಿ ಗ್ರೇಪ್ಸ್ ಆಫ್ ರಾತ್’ ಅವರಿಗೆ ಪುಲಿಟ್ಜರ್ ಪ್ರಶಸ್ತಿಯನ್ನೂ ತಂದಿತ್ತು, ಭೂಮಾಲೀಕರ ಕೋಪವನ್ನೂ ತಂದಿತ್ತು. ಕ್ಯಾಲಿಫೋರ್ನಿಯಾದ ಕರ್ನ್ ಕೌಂಟಿಯಲ್ಲಿ ಅದನ್ನು ಗ್ರಂಥಾಲಯಗಳಿಂದ ನಿಷೇಧಿಸಲಾಗಿತ್ತು. ಅಲ್ಲಿಂದ ಹತ್ತು ವರ್ಷಗಳಲ್ಲಿ ಅವರ ಬದುಕು ತಿರುವುಮುರುವಾಯಿತು. 1948ರಲ್ಲಿ ಆಪ್ತಮಿತ್ರ, ಕಡಲಜೀವಿ ವಿಜ್ಞಾನಿ ಎಡ್ ರಿಕೆಟ್ಸ್ ರೈಲು ಅಪಘಾತದಲ್ಲಿ ತೀರಿಕೊಂಡರು. ಅದೇ ವರ್ಷ ಎರಡನೆಯ ವಿವಾಹ ಮುರಿದುಬಿತ್ತು. ಇಬ್ಬರು ಪುಟ್ಟ ಗಂಡುಮಕ್ಕಳು ತಾಯಿಯ ಬಳಿ ಉಳಿದರು. ಆ ಮಕ್ಕಳಿಗೆ ತಾವು ಹುಟ್ಟಿದ ನೆಲವನ್ನೂ ತಮ್ಮ ಹಿರಿಯರ ಕಥೆಯನ್ನೂ ಬರೆದು ಕೊಡಬೇಕೆಂಬುದು ಈ ಕೃತಿಯ ಮೂಲ ಸಂಕಲ್ಪ.

1951ರ ಜನವರಿ 29ರಂದು ಆರಂಭಿಸಿ ನವೆಂಬರ್ 1ರ ಹೊತ್ತಿಗೆ ಮೊದಲ ಕರಡನ್ನು ಅವರು ಮುಗಿಸಿದರು. ದೊಡ್ಡ ಪುಸ್ತಕವೊಂದರ ಬಲಪುಟದಲ್ಲಿ ಕಾದಂಬರಿ. ಎಡಪುಟದಲ್ಲಿ, ದಿನದ ಕೆಲಸಕ್ಕೆ ಕೈ ಪಳಗಿಸಿಕೊಳ್ಳಲೆಂದು, ತಮ್ಮ ಸಂಪಾದಕ ಪ್ಯಾಸ್ಕಲ್ ಕೋವಿಚಿಗೆ ಒಂದು ಪತ್ರ. ಆ ಪತ್ರಗಳು ಲೇಖಕರ ಮರಣಾನಂತರ 1969ರಲ್ಲಿ ಪ್ರತ್ಯೇಕ ಪುಸ್ತಕವಾಗಿ ಬಂದವು. ಪೆನ್ಸಿಲ್ಲಿನ ಗುಣ, ಬೆರಳಿನ ಗಂಟು, ಮಕ್ಕಳ ಭೇಟಿ, ಅಂದಿನ ಹವಾಮಾನ ಎಲ್ಲವೂ ಅವುಗಳಲ್ಲಿವೆ. ಅದುವರೆಗೆ ಬರೆದದ್ದೆಲ್ಲ ಈ ಒಂದು ಪುಸ್ತಕಕ್ಕೆ ಮಾಡಿಕೊಂಡ ತಾಲೀಮು ಎಂಬ ಭಾವನೆ ಅವರಲ್ಲಿತ್ತು. ಕೆಲಸ ಮುಗಿದ ಮೇಲೆ ತಾವೇ ಕೆತ್ತಿದ ಮರದ ಪೆಟ್ಟಿಗೆಯೊಂದರಲ್ಲಿ ಹಸ್ತಪ್ರತಿಯನ್ನಿಟ್ಟು ಕೋವಿಚಿಗೆ ಕೊಟ್ಟರು. ಪುಸ್ತಕದ ಅರ್ಪಣೆಯೂ ಆ ಪೆಟ್ಟಿಗೆಯನ್ನು ಕುರಿತದ್ದೇ. ಕೊಡುಗೆಯನ್ನು ಸ್ವೀಕರಿಸುವ, ನಿರಾಕರಿಸುವ ಕಥೆಯೊಂದು ಸ್ವತಃ ಕೊಡುಗೆಯಾಗಿ ಒಬ್ಬ ಗೆಳೆಯನ ಕೈಸೇರಿತು ಎಂಬುದು ಗಮನಾರ್ಹ.

ಕಾದಂಬರಿಯಲ್ಲಿ ಎರಡು ಕುಟುಂಬಗಳಿವೆ. ಹ್ಯಾಮಿಲ್ಟನ್ನರದು ನಿಜವಾದ ಕುಟುಂಬ: ಉತ್ತರ ಐರ್ಲೆಂಡಿನಿಂದ ಬಂದ ಸ್ಯಾಮ್ಯುಯೆಲ್ ಹ್ಯಾಮಿಲ್ಟನ್ ಲೇಖಕರ ತಾಯಿಯ ತಂದೆ. ಕಮ್ಮಾರಿಕೆ ಬಲ್ಲವನು, ಯಂತ್ರಗಳನ್ನು ಕಂಡುಹಿಡಿಯುವವನು, ಊರಿನವರಿಗೆಲ್ಲ ಬಾವಿ ತೋಡಿಕೊಡುವವನು. ಅವನ ಸ್ವಂತ ಜಮೀನಿನಲ್ಲಿ ಮಾತ್ರ ನೀರಿಲ್ಲ. ಒಂಬತ್ತು ಮಕ್ಕಳು, ಕಟ್ಟುನಿಟ್ಟಿನ ದೈವಭಕ್ತೆಯಾದ ಹೆಂಡತಿ ಲೈಜಾ, ಎಂದೂ ಕೈಗೂಡದ ಹಣ. ಟ್ರಾಸ್ಕರದು ಕಲ್ಪಿತ ಕುಟುಂಬ: ಸುಳ್ಳು ಯುದ್ಧಸಾಹಸಗಳನ್ನು ಹೇಳಿಕೊಂಡೇ ದೊಡ್ಡ ಮನುಷ್ಯನಾದ ಸೈರಸ್, ಅವನ ಮಕ್ಕಳು ಆಡಂ ಮತ್ತು ಚಾರ್ಲ್ಸ್, ಆಡಂನ ಅವಳಿ ಮಕ್ಕಳು ಏರನ್ ಮತ್ತು ಕೇಲೆಬ್, ಮನೆಯವರ ಬಾಯಲ್ಲಿ ಕ್ಯಾಲ್. ಅವಳಿಗಳನ್ನು ಹೆತ್ತ ಕ್ಯಾಥಿ ಗಂಡನಿಗೆ ಗುಂಡು ಹಾರಿಸಿ, ಕೂಸುಗಳನ್ನು ಬಿಟ್ಟು, ಸಲೀನಾಸಿನ ವೇಶ್ಯಾಗೃಹವೊಂದನ್ನು ಸೇರಿ ಮುಂದೆ ಅದರ ಒಡತಿಯಾಗುತ್ತಾಳೆ. ಮಕ್ಕಳನ್ನು ಬೆಳೆಸುವ ಹೊಣೆ ಚೀನೀ ಮೂಲದ ಮನೆಯಾಳು ಲೀಯದಾಗುತ್ತದೆ.

ಆದಿಕಾಂಡದ ನಾಲ್ಕನೆಯ ಅಧ್ಯಾಯದಲ್ಲಿ ಬರುವ ಕಾಯಿನ ಮತ್ತು ಹೇಬೆಲರ ಕಥೆ ಈ ಕುಟುಂಬದ ಎರಡು ತಲೆಮಾರುಗಳಲ್ಲಿ ಮರುಕಳಿಸುತ್ತದೆ. ಬೆಳೆಗಾರನಾದ ಕಾಯಿನನ ಕಾಣಿಕೆಯನ್ನು ದೇವರು ಒಪ್ಪಲಿಲ್ಲ, ಕುರಿಗಾಹಿ ತಮ್ಮನದನ್ನು ಒಪ್ಪಿದ. ಕಾಯಿನ ತಮ್ಮನನ್ನು ಕೊಂದು ಏದೆನಿನ ಪೂರ್ವಕ್ಕಿದ್ದ ಸೀಮೆಗೆ ಹೋದ. ಕಾದಂಬರಿಯ ಹೆಸರು ಬಂದಿರುವುದು ಅಲ್ಲಿಂದ. ಸೈರಸ್‌ನ ಹುಟ್ಟುಹಬ್ಬಕ್ಕೆ ಚಾರ್ಲ್ಸ್ ಸೌದೆ ಒಡೆದು ಕೂಡಿಸಿದ ಹಣದಿಂದ ಬೆಲೆಬಾಳುವ ಚಾಕುವೊಂದನ್ನು ತಂದುಕೊಡುತ್ತಾನೆ. ಆಡಂ ದಾರಿಯಲ್ಲಿ ಸಿಕ್ಕ ನಾಯಿಮರಿಯನ್ನು ಕೊಡುತ್ತಾನೆ. ತಂದೆ ನಾಯಿಮರಿಯನ್ನು ಮುದ್ದಿಸುತ್ತಾನೆ, ಚಾಕುವನ್ನು ಮರೆಯುತ್ತಾನೆ. ಚಾರ್ಲ್ಸ್ ಅಣ್ಣನನ್ನು ಸಾಯುವಂತೆ ಹೊಡೆಯುತ್ತಾನೆ. ಹೀಗೆ ಒದೆ ತಿಂದ ಆಡಂ ತಾನು ತಂದೆಯಾದಾಗ ತನ್ನ ತಂದೆ ಮಾಡಿದ್ದನ್ನೇ ಮಾಡುತ್ತಾನೆ. ನಮ್ಮ ಕೂಟದಲ್ಲಿ ಎಲ್ಲರನ್ನೂ ಕಲಕಿದ್ದು ಈ ಭಾಗ. ಅನ್ಯಾಯ ಉಂಡವನಿಗೆ ನ್ಯಾಯದ ರುಚಿ ಗೊತ್ತಿರುತ್ತದೆ ಎಂಬ ನಮ್ಮ ನಂಬಿಕೆಯನ್ನು ಸ್ಟೈನ್‌ಬೆಕ್ ಒಪ್ಪುವುದಿಲ್ಲ.

ಅರ್ಥಶಾಸ್ತ್ರ ಓದಿದವನಾದ್ದರಿಂದ ಎರಡನೆಯ ಕೊಡುಗೆಯ ಪ್ರಸಂಗವನ್ನು ಸ್ವಲ್ಪ ವಿಸ್ತರಿಸಬಯಸುತ್ತೇನೆ. ಆಡಂನಿಗೆ ಒಂದು ಹೊಸ ಕನಸು ಹುಟ್ಟುತ್ತದೆ. ಸಲೀನಾಸಿನ ಲೆಟ್ಯೂಸ್ ಸೊಪ್ಪನ್ನು ಮಂಜುಗಡ್ಡೆಯಲ್ಲಿ ಹುದುಗಿಸಿ ರೈಲಿನಲ್ಲಿ ನ್ಯೂಯಾರ್ಕಿಗೆ ಕಳುಹಿಸಿದರೆ ಚಳಿಗಾಲದಲ್ಲಿ ಅಲ್ಲಿಯ ಜನ ಹಸಿರು ಸೊಪ್ಪು ತಿನ್ನಬಹುದು. ಲೆಕ್ಕಾಚಾರ ಸರಿಯಿತ್ತು, ಕಾಲ ಸರಿಯಿರಲಿಲ್ಲ. ದಾರಿಯಲ್ಲಿ ಹಿಮ ಕುಸಿದು ರೈಲು ನಿಂತಿತು, ಮುಂದೆ ಅಕಾಲದ ಸೆಕೆ, ನಿಲ್ದಾಣದಲ್ಲಿ ಗೊಂದಲ; ನ್ಯೂಯಾರ್ಕಿಗೆ ತಲುಪಿದ್ದು ಕೊಳೆತ ರಾಶಿ. ಆಡಂ ಆಸ್ತಿಯ ಬಹುಭಾಗವನ್ನು ಕಳೆದುಕೊಂಡು ಊರಿನ ನಗೆಪಾಟಲಿಗೆ ಈಡಾದ. ಲೇಖಕರು ಇದನ್ನು ಬರೆಯುವ ಹೊತ್ತಿಗೆ ಆಡಂನ ಕನಸು ಕಣಿವೆಯ ಮುಖ್ಯ ಕಸುಬಾಗಿತ್ತು ಎಂಬುದು ಅಲ್ಲಿಯ ಓದುಗರಿಗೆ ತಿಳಿದಿತ್ತು. 1920ರ ದಶಕದಲ್ಲಿಯೇ ಮಂಜುಗಡ್ಡೆ ತುಂಬಿದ ವ್ಯಾಗನ್ನುಗಳಲ್ಲಿ ಸಲೀನಾಸಿನ ಲೆಟ್ಯೂಸ್ ದೇಶದ ಇನ್ನೊಂದು ತುದಿಗೆ ಹೋಗುತ್ತಿತ್ತು. 1936ರಲ್ಲಿ ಆ ಉದ್ಯಮದ ಕಾರ್ಮಿಕರು ನಡೆಸಿದ ಮುಷ್ಕರವನ್ನು ಮಾಲೀಕರು ಬಲಪ್ರಯೋಗದಿಂದ ಮುರಿದರು. ಇಂದಿಗೂ ಆ ಕಣಿವೆಗೆ ಜಗತ್ತಿನ ಸಲಾಡ್ ಬಟ್ಟಲು ಎಂಬ ಅಡ್ಡಹೆಸರಿದೆ. ಮೊದಲು ಯೋಚಿಸಿದವನೇ ಲಾಭ ಪಡೆಯುತ್ತಾನೆಂಬ ನಿಯಮ ಮಾರುಕಟ್ಟೆಯಲ್ಲಿಲ್ಲ.

ತಂದೆಯ ನಷ್ಟ ತುಂಬಿಕೊಡಲು ಕ್ಯಾಲ್ ಹೊರಡುತ್ತಾನೆ. ಯುರೋಪಿನಲ್ಲಿ ಮೊದಲ ಮಹಾಯುದ್ಧ ನಡೆದಿದೆ, ಅಮೆರಿಕ ಇನ್ನೂ ಇಳಿದಿಲ್ಲ. ಸ್ಯಾಮ್ಯುಯೆಲನ ಮಗ, ವ್ಯಾಪಾರ ಬಲ್ಲ ವಿಲ್ ಹ್ಯಾಮಿಲ್ಟನ್ನನ ಪಾಲುಗಾರಿಕೆಯಲ್ಲಿ, ಲೀ ಕೊಟ್ಟ 5,000 ಡಾಲರುಗಳನ್ನು ಬಂಡವಾಳವಾಗಿಸಿ, ರೈತರೊಡನೆ ಮುಂಗಡ ಬೆಲೆಗೆ ಹುರುಳಿಕಾಯಿ ಜಾತಿಯ ಒಣಕಾಳಿನ ಕರಾರು ಮಾಡಿಕೊಳ್ಳುತ್ತಾನೆ. 1917ರಲ್ಲಿ ಅಮೆರಿಕ ಯುದ್ಧಕ್ಕಿಳಿದು ಬೆಲೆ ನೆಗೆಯುತ್ತದೆ. ಆ ವರ್ಷದ ಕೃತಜ್ಞತಾ ಹಬ್ಬದಂದು, ಅಣ್ಣತಮ್ಮಂದಿರಿಬ್ಬರೂ ಊಟಕ್ಕೆ ಕೂತಾಗ, ಕ್ಯಾಲ್ ತಂದೆಗೆ 15,000 ಡಾಲರ್ ಒಪ್ಪಿಸುತ್ತಾನೆ. ಆಡಂ ಅದನ್ನು ಮುಟ್ಟುವುದಿಲ್ಲ. ಆತ ಸೇನೆಗೆ ಯುವಕರನ್ನು ಆರಿಸುವ ಸ್ಥಳೀಯ ಮಂಡಳಿಯ ಸದಸ್ಯ. ತಾನು ಸಹಿ ಹಾಕಿ ಕಳಿಸಿದ ಹುಡುಗರು ಸಾಯುತ್ತಿರುವಾಗ ಯುದ್ಧದ ಲಾಭ ತನಗೆ ಬೇಡ, ರೈತರಿಗೇ ಹಿಂದಿರುಗಿಸು ಎನ್ನುತ್ತಾನೆ. ಅಷ್ಟಕ್ಕೇ ನಿಲ್ಲದೆ, ಏರನ್ ಓದಿನಿಂದ ಕೊಟ್ಟಂಥ ಹೆಮ್ಮೆಯನ್ನು ನೀನು ಕೊಟ್ಟಿದ್ದರೆ ಸಂತೋಷವಾಗುತ್ತಿತ್ತು ಎಂಬರ್ಥದ ಮಾತನ್ನು ಸೇರಿಸುತ್ತಾನೆ. ಅದೇ ರಾತ್ರಿ ಕ್ಯಾಲ್, ತಾಯಿ ಸತ್ತಳೆಂದೇ ನಂಬಿದ್ದ ಏರನ್ನನನ್ನು ಅವಳ ವೇಶ್ಯಾಗೃಹಕ್ಕೆ ಕರೆದೊಯ್ಯುತ್ತಾನೆ. ಏರನ್ ಸೇನೆಗೆ ಸೇರಿ ಯುದ್ಧದಲ್ಲಿ ಮಡಿಯುತ್ತಾನೆ.

ಕ್ಯಾಲ್ ಮಾಡಿದ ವ್ಯಾಪಾರ ತಪ್ಪೇ? ನಮ್ಮ ಕೂಟದಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಮಿತ್ರರು ಖಂಡಿತ ಅಲ್ಲ ಎಂದರು. ರೈತ ಒಪ್ಪಿ ಸಹಿ ಹಾಕಿದ. ಬೆಲೆ ಬಿದ್ದಿದ್ದರೆ ನಷ್ಟ ಕ್ಯಾಲ್‌ನದಾಗುತ್ತಿತ್ತು. ಅಪಾಯ ಹೊತ್ತವನಿಗೆ ಲಾಭ ಸಲ್ಲಬೇಕು ಎಂಬುದು ಅವರ ವಾದ. ಪಠ್ಯಪುಸ್ತಕ ಅವರ ಪರವಾಗಿದೆ. ಆದರೆ ಕರಾರಿನ ಎರಡು ಕಡೆಯವರಿಗೂ ತಿಳಿದಿರುವುದು ಸಮವಲ್ಲದಿದ್ದಾಗ ಒಪ್ಪಿಗೆಯ ಅರ್ಥವೇ ಬದಲಾಗುತ್ತದೆ. ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯ ಉದಾಹರಣೆಯಿಂದ ವಿವರಿಸಿ, 2001ರಲ್ಲಿ ನೊಬೆಲ್ ಗೌರವಕ್ಕೆ ಪಾತ್ರರಾದದ್ದು ಈ ಅಸಮತೆಯ ವಿಶ್ಲೇಷಣೆಗಾಗಿ. ಯುದ್ಧ ಬರಲಿದೆಯೆಂದು ವಿಲ್ ಊಹಿಸಬಲ್ಲವನಾಗಿದ್ದ, ಹೊಲದಲ್ಲಿದ್ದವನಿಗೆ ಆ ಅವಕಾಶವಿರಲಿಲ್ಲ. ಆದ್ದರಿಂದ ಆಡಂನ ಸಂಕೋಚ ಬರಿಯ ಮಡಿವಂತಿಕೆಯಲ್ಲ.

ಆದರೆ ಕಾದಂಬರಿಕಾರರು ಇನ್ನೊಂದು ಲೆಕ್ಕವನ್ನೂ ಕಡತದಲ್ಲಿಟ್ಟಿದ್ದಾರೆ. ಆಡಂ ಜೀವನವಿಡೀ ಬದುಕಿದ್ದು, ಜಮೀನು ಕೊಂಡದ್ದು ತಂದೆ ಸೈರಸ್ ಬಿಟ್ಟುಹೋದ ಹಣದಿಂದ. ನಿವೃತ್ತ ಸೈನಿಕರ ಸಂಘಟನೆಯಲ್ಲಿ ಸಂಬಳದ ನೌಕರನಾಗಿದ್ದ ಸೈರಸ್ ಸತ್ತಾಗ ಒಂದು ಲಕ್ಷ ಡಾಲರಿನಷ್ಟು ಬಿಟ್ಟುಹೋಗಿದ್ದ. ಆದಾಯಕ್ಕೂ ಆಸ್ತಿಗೂ ತಾಳೆಯಾಗದ ಪ್ರಕರಣವೆಂದು ನಮ್ಮ ಇಲಾಖೆಗಳ ಭಾಷೆಯಲ್ಲಿ ಯಾರಾದರೂ ಷರಾ ಬರೆಯುವಂಥದ್ದು. ಚಾರ್ಲ್ಸ್‌ಗೆ ಅನುಮಾನ ಬಂದಿತ್ತು. ಆಡಂ ತಂದೆ ಕಳ್ಳನೆಂದು ನಂಬಲು ಒಪ್ಪಲಿಲ್ಲ, ಹಣವನ್ನು ಒಪ್ಪಿದ. ಪ್ರೀತಿಸದ ತಂದೆಯ ಕದ್ದ ಹಣ ಸಂದಿತು. ಪ್ರೀತಿಸುವ ಮಗ ದುಡಿದ ಹಣ ಸಲ್ಲಲಿಲ್ಲ. ಕ್ಯಾಥಿ ಸಾಯುವ ಮುನ್ನ ತನ್ನ ಸಂಪತ್ತನ್ನೆಲ್ಲ ‘ಶುದ್ಧ’ ಮಗ ಏರನ್ನನಿಗೇ ಬರೆದಿಟ್ಟಳು ಎಂದು ತಿಳಿದಾಗ ಈ ವಿಪರ್ಯಾಸವನ್ನು ಗುರುತಿಸುವವನು ಲೀ. ಶುದ್ಧವಾದ ಹಣ, ಶುದ್ಧವಾದ ರಕ್ತ ಎಂಬ ಎರಡು ಭ್ರಮೆಗಳನ್ನು ಸ್ಟೈನ್‌ಬೆಕ್ ಒಂದೇ ಏಟಿಗೆ ಕೆಡವುತ್ತಾರೆ.

ನಾನು ಆಡಂನಲ್ಲಿ ಕಾಣುವ ದೋಷ ಬೇರೆ. ಅರ್ಜಿಯನ್ನು ತಿರಸ್ಕರಿಸುವುದು ಬೇರೆ, ಅರ್ಜಿದಾರನನ್ನು ತಿರಸ್ಕರಿಸುವುದು ಬೇರೆ. ಹಣವನ್ನು ಒಲ್ಲೆನೆಂದು ಹೇಳುತ್ತಲೇ ಮಗನ ಬೆನ್ನ ಮೇಲೆ ಕೈಯಿಡಬಹುದಿತ್ತು. ಅಣ್ಣನೊಡನೆ ಹೋಲಿಸುವ ಆ ಒಂದು ವಾಕ್ಯದ ಅಗತ್ಯ ತತ್ತ್ವಕ್ಕಿರಲಿಲ್ಲ. ಉಪವಿಭಾಗಾಧಿಕಾರಿಯಾಗಿ ಖಾತೆ ಬದಲಾವಣೆಯ ಮೇಲ್ಮನವಿಗಳನ್ನು ವಿಚಾರಣೆ ಮಾಡುತ್ತಿದ್ದ ದಿನಗಳಲ್ಲಿ ಅಣ್ಣತಮ್ಮಂದಿರ ವ್ಯಾಜ್ಯಗಳು ಲೆಕ್ಕವಿಲ್ಲದಷ್ಟು ನನ್ನ ಮುಂದೆ ಬಂದಿವೆ. ಎರಡು ಗುಂಟೆ ಜಾಗಕ್ಕೆ ಇಪ್ಪತ್ತು ವರ್ಷ ಹೋರಾಡಿದವರಿದ್ದರು. ವಕೀಲರು ಪಹಣಿ, ಪಾಲುಪಟ್ಟಿ, ಸರ್ವೆ ನಕ್ಷೆಗಳನ್ನು ಮುಂದಿಡುತ್ತಿದ್ದರು. ಅವರು ಹೊರಗೆ ಹೋದ ಮೇಲೆ ಕಕ್ಷಿದಾರ ಮಾತ್ರ ಉಳಿದು, “ಸ್ವಾಮೀ, ನಮ್ಮಪ್ಪ ಕಣ್ಣು ಮುಚ್ಚೋವಾಗ ಅವನನ್ನೇ ಕರೆದ, ನನ್ನನ್ನ ಕರೀಲಿಲ್ಲ” ಎಂದು ಹೇಳಿದ್ದು ಒಮ್ಮೆಯಲ್ಲ. ಆ ದೂರಿಗೆ ಭೂಕಂದಾಯ ಕಾಯಿದೆಯಲ್ಲಿ ಕಲಮು ಇಲ್ಲ. ‘ಈಸ್ಟ್ ಆಫ್ ಈಡನ್’ ಅದನ್ನು ಆರುನೂರು ಪುಟಗಳ ತನಕ ವಿಚಾರಣೆ ಮಾಡುತ್ತದೆ.

ಕಾದಂಬರಿಯ ಹೃದಯವಿರುವುದು ಒಂದು ಕ್ರಿಯಾಪದದಲ್ಲಿ. ಪಾಪ ಬಾಗಿಲಲ್ಲಿ ಹೊಂಚುಹಾಕಿದೆ ಎಂದು ಕಾಯಿನನಿಗೆ ಎಚ್ಚರಿಸುವ ದೇವರು ಅದನ್ನು ಆಳುವ ಮಾತನಾಡುತ್ತಾನೆ. ಒಂದು ಇಂಗ್ಲಿಷ್ ಬೈಬಲ್ಲಿನಲ್ಲಿ ಅದು ‘ನೀನು ಆಳುವೆ’ ಎಂಬ ಭರವಸೆಯಾಗಿದೆ, ಇನ್ನೊಂದರಲ್ಲಿ ‘ಆಳು’ ಎಂಬ ಆಜ್ಞೆಯಾಗಿದೆ. ಈ ಅಂತರ ಲೀಯ ನಿದ್ದೆ ಕೆಡಿಸುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ತನ್ನ ಬಂಧುವರ್ಗದ ವೃದ್ಧ ಚೀನೀ ಪಂಡಿತರ ಬಳಿ ಅದನ್ನು ಒಯ್ಯುತ್ತಾನೆ. ಇಳಿವಯಸ್ಸಿನ ಆ ಪಂಡಿತರು ಈ ಒಂದು ಮಾತಿಗಾಗಿ ಹೀಬ್ರೂ ಕಲಿಯಲು ಕೂರುತ್ತಾರೆ. ಎರಡು ವರ್ಷಗಳ ಪರಿಶ್ರಮದ ನಂತರ ಅವರು ಕಂಡುಕೊಂಡದ್ದು ‘ತಿಮ್ಶೆಲ್’: ‘ನೀನು ಆಳಬಹುದು’. ಹೀಬ್ರೂ ಬಲ್ಲವರು ಮೂಲದ ರೂಪ ‘ತಿಮ್ಶೋಲ್’ ಎಂದೂ, ಅದನ್ನು ಬೇರೆ ಬೇರೆಯಾಗಿ ಅರ್ಥೈಸಲು ಸಾಧ್ಯವೆಂದೂ ತಿದ್ದಿದ್ದಾರೆ. ಭಾಷಾಶಾಸ್ತ್ರದ ದೃಷ್ಟಿಯಿಂದ ಆ ತಿದ್ದುಪಡಿ ಮುಖ್ಯವೇ. ಕಾದಂಬರಿಯ ವಿಚಾರಕ್ಕೆ ಅದರಿಂದ ಬಾಧೆಯಿಲ್ಲ.

ಕಾನೂನಿನ ಭಾಷೆಯಲ್ಲಿ ನಾಲ್ಕು ದಶಕ ಬದುಕಿದ ನನಗೆ ಈ ಪ್ರಸಂಗ ಓದುವಾಗ ರೋಮಾಂಚನವಾಯಿತು. ನಮ್ಮ ಅಧಿನಿಯಮಗಳ ಕನ್ನಡ ಪಾಠದಲ್ಲಿ ಎರಡು ಬಗೆಯ ವಾಕ್ಯಗಳಿವೆ. ಒಂದು ‘ಮಾಡತಕ್ಕದ್ದು’ ಎಂದು ಮುಗಿಯುತ್ತದೆ, ಇನ್ನೊಂದು ‘ಮಾಡಬಹುದು’ ಎಂದು. ಮೊದಲನೆಯದರಲ್ಲಿ ಅಧಿಕಾರಿಗೆ ಆಯ್ಕೆಯಿಲ್ಲ, ಎರಡನೆಯದರಲ್ಲಿ ವಿವೇಚನೆಯಿದೆ. ಈ ಎರಡರ ಅಂತರವನ್ನು ಕುರಿತು ನ್ಯಾಯಾಲಯಗಳಲ್ಲಿ ನಡೆದಷ್ಟು ವಾದ ಬೇರೆ ಪದಗಳ ಮೇಲೆ ನಡೆದಿರಲಾರದು. ಆಡಳಿತದಲ್ಲಿದ್ದವರಿಗೆ ‘ತಕ್ಕದ್ದು’ ಹಿತವಾದದ್ದು. ನಿಯಮ ಹೀಗಿದೆ, ನಾನೇನು ಮಾಡಲಿ ಎಂದು ಅದರ ನೆರಳಿನಲ್ಲಿ ನಿಲ್ಲಬಹುದು. ‘ಬಹುದು’ ಎಂಬಲ್ಲಿ ನೆರಳಿಲ್ಲ. ಮಂಜೂರು ಮಾಡಿದರೂ ಮಾಡದಿದ್ದರೂ ಕೆಳಗಿನ ಸಹಿ ನಮ್ಮದು, ಕಾರಣ ನಾವೇ ಬರೆಯಬೇಕು. ಬಹುತೇಕ ಜನ ತಮ್ಮ ಸ್ವಭಾವದ ವಿಷಯದಲ್ಲಿಯೂ ‘ತಕ್ಕದ್ದು’ ಎಂಬ ಕಲಮನ್ನೇ ಆಶ್ರಯಿಸುತ್ತಾರೆ. ನಮ್ಮ ವಂಶದ ಸಿಟ್ಟು, ತಂದೆಯಿಂದ ಬಂದದ್ದು, ಹಣೆಬರಹ ಎನ್ನುತ್ತಾರೆ. ಕ್ಯಾಲ್ ಕೂಡ ತನ್ನ ತಾಯಿ ಯಾರೆಂದು ತಿಳಿದ ಮೇಲೆ ಅವಳ ಕೇಡು ತನ್ನ ರಕ್ತದಲ್ಲಿದೆ ಎಂದು ನಂಬುತ್ತಾನೆ. ಹಾಗೆ ನಂಬುವುದು ಒಂದು ಸೋಮಾರಿ ನೆಪ ಎಂದು ಲೀ ಅವನ ಮೇಲೆ ರೇಗುತ್ತಾನೆ. ಎರಡನ್ನೂ ಪಡೆದು ಬಂದಿರುವೆ, ಯಾವುದನ್ನು ಆಳುವೆ ಎಂಬುದು ನಿನಗೆ ಬಿಟ್ಟದ್ದು ಎಂಬುದು ಅವನ ನಿಲುವು. ಕೊನೆಯ ಪುಟದಲ್ಲಿ ಪಾರ್ಶ್ವವಾಯು ಬಡಿದು ಮಲಗಿರುವ ಆಡಂ, ಲೀಯ ಒತ್ತಾಯಕ್ಕೆ ಮಣಿದು, ಅಪರಾಧದ ಹೊರೆಯಲ್ಲಿ ಕುಸಿದಿರುವ ಮಗನಿಗೆ ಕೊಡುವ ಆಶೀರ್ವಾದವೂ ಆ ಒಂದೇ ಪದ. ‘ನಿನ್ನನ್ನು ಕ್ಷಮಿಸಿದೆ’ ಎಂದು ಹೇಳಿದ್ದರೆ ಕ್ಯಾಲ್ ತಂದೆಗೆ ಋಣಿಯಾಗಿ ಉಳಿಯುತ್ತಿದ್ದ. ಈ ಪದ ಅವನನ್ನು ಸ್ವತಂತ್ರನನ್ನಾಗಿ ಮಾಡುತ್ತದೆ.

ಲೀಯನ್ನು ಕುರಿತು ಇನ್ನೆರಡು ಮಾತು ಹೇಳಬೇಕು. 1882ರ ಕಾಯಿದೆಯಿಂದ ಚೀನೀ ಕಾರ್ಮಿಕರ ಪ್ರವೇಶವನ್ನು ನಿಷೇಧಿಸಿದ್ದ ದೇಶ ಅದು. ಆ ಕಾಯಿದೆ ರದ್ದಾದದ್ದು 1943ರಲ್ಲಿ. ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿ, ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿ, ಮಾರ್ಕಸ್ ಆರೇಲಿಯಸ್‌ನನ್ನು ಓದಿಕೊಂಡ ಲೀ ಬಿಳಿಯರ ಮುಂದೆ ಹರಕುಮುರುಕು ಇಂಗ್ಲಿಷ್ ಆಡುತ್ತಾನೆ. ಅವರು ಅವನಿಂದ ನಿರೀಕ್ಷಿಸುವುದು ಅದನ್ನೇ. ಸರಿಯಾದ ಇಂಗ್ಲಿಷ್ ಆಡಿದರೆ ಅವರಿಗೆ ಅರ್ಥವೇ ಆಗುವುದಿಲ್ಲ. ಮುಖವಾಡದ ಹಿಂದಿನ ಮನುಷ್ಯನನ್ನು ಮೊದಲ ಭೇಟಿಯಲ್ಲೇ ಗುರುತಿಸುವವನು ಸ್ಯಾಮ್ಯುಯೆಲ್. ಪುಸ್ತಕದಂಗಡಿ ತೆರೆಯುವ ಕನಸಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದ ಲೀ ಕೆಲವೇ ದಿನಗಳಲ್ಲಿ ಒಂಟಿತನ ತಾಳಲಾರದೆ ಟ್ರಾಸ್ಕರ ಮನೆಗೆ ಮರಳುವ ಪುಟಗಳು ಈ ದೀರ್ಘ ಕೃತಿಯ ಅತ್ಯಂತ ಮೃದುವಾದ ಪುಟಗಳು. ಹೆತ್ತವರು ಮಾಡದ ತಾಯ್ತನವನ್ನೂ ತಂದೆತನವನ್ನೂ ಮಾಡಿದವನು ಒಬ್ಬ ಆಳು ಎಂಬುದರಲ್ಲಿ, ಕುಟುಂಬವೆಂದರೆ ರಕ್ತವಷ್ಟೇ ಅಲ್ಲ ಎಂಬ ಮಾತೂ ಅಡಗಿದೆ. ಲೀ ತೀರ ಜಾಣ, ತೀರ ಒಳ್ಳೆಯವ, ಲೇಖಕರ ವಕ್ತಾರನಂತೆ ಮಾತನಾಡುತ್ತಾನೆ ಎಂಬ ಟೀಕೆಯಲ್ಲಿ ಹುರುಳಿದೆ. ಆದರೂ ಅವನಿಲ್ಲದ ಮನೆಯನ್ನು ಓದುಗ ಊಹಿಸಲಾರ.

ಕ್ಯಾಥಿಯ ವಿಷಯದಲ್ಲಿ ನಮ್ಮ ಕೂಟ ಒಡೆದುಹೋಯಿತು. ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದ ಸದಸ್ಯೆಯೊಬ್ಬರ ಆಕ್ಷೇಪ ತೀಕ್ಷ್ಣವಾಗಿತ್ತು: “ಎಲ್ಲ ಗಂಡಸರಿಗೂ ‘ಬಹುದು’ ಎಂದ ಲೇಖಕರು ಈ ಒಬ್ಬ ಹೆಂಗಸಿಗೆ ಮಾತ್ರ ‘ತಕ್ಕದ್ದು’ ಎಂದುಬಿಟ್ಟರಲ್ಲ?” ಕ್ಯಾಥಿ ಹುಟ್ಟಿನಿಂದಲೇ ಅಂತಃಕರಣವಿಲ್ಲದ ರಾಕ್ಷಸಿ ಎಂದು ನಿರೂಪಕ ಆರಂಭದಲ್ಲಿ ಘೋಷಿಸುತ್ತಾನೆ. ಮುಂದೆ ಅವನೇ ಆ ತೀರ್ಪಿನ ಬಗ್ಗೆ ಸಂದೇಹ ಪಡುತ್ತಾನೆ, ಆದರೆ ಹಿಂದಕ್ಕೆ ಪಡೆಯುವುದಿಲ್ಲ. ಈ ಆಕ್ಷೇಪಕ್ಕೆ ಸಮಾಧಾನ ಹೇಳಲು ನನ್ನಿಂದ ಆಗಲಿಲ್ಲ. ಅದು ಕೃತಿಯ ನಿಜವಾದ ಬಿರುಕು. ಇದಕ್ಕೆ ಎದುರಾಗಿ ಅದೇ ಸದಸ್ಯೆ ಮೆಚ್ಚಿದ ಪಾತ್ರ ಆಬ್ರಾ. ಏರನ್ ಪ್ರೀತಿಸುತ್ತಿರುವುದು ತನ್ನನ್ನಲ್ಲ, ತನ್ನ ಹೆಸರಿನಲ್ಲಿ ಅವನು ಕಟ್ಟಿಕೊಂಡ ಒಂದು ನಿಷ್ಕಳಂಕ ಬೊಂಬೆಯನ್ನು ಎಂದು ಕಂಡುಕೊಂಡು, ತಪ್ಪು ಮಾಡಬಲ್ಲ ಕ್ಯಾಲ್‌ನನ್ನು ಆಕೆ ಆರಿಸಿಕೊಳ್ಳುತ್ತಾಳೆ. ಪರಿಪೂರ್ಣತೆಯ ಬಯಕೆಯೇ ಏರನ್ನನನ್ನು ಮುರಿಯಿತು. ಅಪೂರ್ಣತೆಯ ಅರಿವು ಕ್ಯಾಲ್‌ನನ್ನು ಉಳಿಸಿತು.

ಅನೇಕರಿಗೆ ಈ ಕಥೆ ಪರಿಚಯವಾದದ್ದು ಎಲಿಯಾ ಕಜಾನ್ ನಿರ್ದೇಶಿಸಿದ 1955ರ ಚಲನಚಿತ್ರದಿಂದ. ಕ್ಯಾಲ್ ಪಾತ್ರದ ಜೇಮ್ಸ್ ಡೀನ್ ಅದೇ ವರ್ಷ ಸೆಪ್ಟೆಂಬರ್ 30ರಂದು ಕಾರು ಅಪಘಾತದಲ್ಲಿ ತೀರಿಕೊಂಡರು. ತಾಯಿಯ ಪಾತ್ರ ವಹಿಸಿದ ಜೋ ವಾನ್ ಫ್ಲೀಟ್‌ಗೆ ಆಸ್ಕರ್ ದೊರೆಯಿತು. ಚಿತ್ರ ಕಾದಂಬರಿಯ ಕೊನೆಯ ಭಾಗವನ್ನಷ್ಟೇ ಬಳಸಿಕೊಂಡಿದೆ. ಅದರಲ್ಲಿ ಸ್ಯಾಮ್ಯುಯೆಲ್ ಇಲ್ಲ, ಲೀ ಇಲ್ಲ. ಆದ್ದರಿಂದ ‘ತಿಮ್ಶೆಲ್’ ಕೂಡ ಇಲ್ಲ. ಡೀನ್ ಅಭಿನಯದ ನೋವು ಮರೆಯಲಾಗದ್ದು. ಆದರೆ ಚಿತ್ರ ನೋಡಿ ಕಾದಂಬರಿ ತಿಳಿಯಿತೆನ್ನುವುದು ಕೊನೆಯ ಪರ್ವ ಕೇಳಿ ಭಾರತ ಮುಗಿಸಿದೆನೆಂದಂತೆ.

ಕನ್ನಡದ ಓದುಗನಿಗೆ ತಲೆಮಾರುಗಳ ಕಾದಂಬರಿ ಹೊಸದಲ್ಲ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ರಾಮ ಐತಾಳ, ಲಚ್ಚ, ಮೊಮ್ಮಗ ರಾಮ ಎಂಬ ಮೂರು ತಲೆಮಾರುಗಳಿವೆ. ತಂದೆ ಕೆಡಿಸಿದ್ದನ್ನು ಮಗ ನೇರ್ಪಡಿಸಲು ಹೊರಡುವ ವಸ್ತು ಅಲ್ಲಿಯೂ ಇದೆ. ಆದರೆ ಕಾರಂತರು ತಮ್ಮ ಪಾತ್ರಗಳನ್ನು ಕಡಲು, ಮಣ್ಣು, ದುಡಿಮೆಗಳ ನಡುವೆ ಬಿಟ್ಟು ತಾವು ದೂರ ನಿಲ್ಲುತ್ತಾರೆ; ನೀತಿಯನ್ನು ಕಂಡುಕೊಳ್ಳುವ ಕೆಲಸ ಓದುಗನದು. ಸ್ಟೈನ್‌ಬೆಕ್ ಹಾಗಲ್ಲ. ನಡುನಡುವೆ ಕಥೆ ನಿಲ್ಲಿಸಿ ನೇರವಾಗಿ ಮಾತಿಗಿಳಿಯುತ್ತಾರೆ, ಒಳಿತು ಕೆಡುಕುಗಳನ್ನು ಕುರಿತು ಅಜ್ಜನಂತೆ ಬೋಧಿಸುತ್ತಾರೆ. ಕಾರಂತರಲ್ಲಿ ಪಳಗಿದ ನನ್ನಂಥವರಿಗೆ ಇದು ಮೊದಲು ಕಿರಿಕಿರಿಯಾಗುತ್ತದೆ. ಇದು ತಂದೆಯೊಬ್ಬ ದೂರವಿರುವ ಮಕ್ಕಳಿಗೆ ಬರೆದದ್ದು ಎಂಬುದು ನೆನಪಾದ ಮೇಲೆ ಆ ದನಿ ಸಹಜವೆನಿಸುತ್ತದೆ. ಮಕ್ಕಳಿಗೆ ಬರೆಯುವ ತಂದೆ ಕಲೆಯ ಸಂಯಮಕ್ಕಿಂತ ಹೇಳಬೇಕಾದದ್ದು ಬಿಟ್ಟುಹೋಗಬಾರದೆಂಬ ಆತಂಕದಲ್ಲಿರುತ್ತಾನೆ.

ವಿಮರ್ಶಕರಿಗೂ ಓದುಗರಿಗೂ ನಡುವಿನ ಏಳು ದಶಕಗಳ ಭಿನ್ನಾಭಿಪ್ರಾಯದ ಮೂಲ ಇಲ್ಲಿದೆ ಎಂದು ನನಗೆ ತೋರುತ್ತದೆ. ವಿಮರ್ಶಕರು ಕಾದಂಬರಿಯ ಕಟ್ಟಡವನ್ನು ಪರಿಶೀಲಿಸಿದರು. ಗೋಡೆ ಅಲ್ಲಲ್ಲಿ ವಾಲಿರುವುದು ನಿಜ. ಓದುಗರು ಅದರೊಳಗೆ ವಾಸಿಸಿದರು. ತಂದೆಯ ಒಂದು ಮೆಚ್ಚುಗೆಯ ಮಾತಿಗಾಗಿ ಕಾದವರು, ಕಾದು ಪಡೆಯದವರು, ತಮ್ಮ ಮಕ್ಕಳಲ್ಲಿ ಒಬ್ಬರನ್ನು ಅರಿವಿಲ್ಲದೆ ಕಾಯಿಸುತ್ತಿರುವವರು ಯಾವ ದೇಶದಲ್ಲಿ ಇಲ್ಲ? ವಂಶವಾಹಿಗಳು ನಮ್ಮನ್ನು ನಿರ್ಧರಿಸುತ್ತವೆ ಎಂದು ಒಬ್ಬರು, ಸಮಾಜ ನಿರ್ಧರಿಸುತ್ತದೆ ಎಂದು ಇನ್ನೊಬ್ಬರು, ಗ್ರಹಗಳು ನಿರ್ಧರಿಸುತ್ತವೆ ಎಂದು ಮತ್ತೊಬ್ಬರು ಹೇಳುತ್ತಿರುವ ಕಾಲದಲ್ಲಿ ಅವೆಲ್ಲವನ್ನೂ ಅಲ್ಲಗಳೆಯದೆಯೇ, ಕೊನೆಯ ಸಹಿ ನಿನ್ನದು ಎಂದು ಹೇಳುವ ಪುಸ್ತಕವಿದು. ಕೇಳಲು ಸಮಾಧಾನದ ಮಾತು. ಒಪ್ಪಿಕೊಂಡರೆ ಬಹು ಭಾರವಾದ ಮಾತು. ಆಳಬಹುದು ಎಂದಾದ ಮೇಲೆ ಆಳದಿರುವುದಕ್ಕೆ ಕಾರಣವನ್ನೂ ನಾವೇ ಕೊಡಬೇಕಾಗುತ್ತದೆ.